ಕಂಪ್ಯೂಟರಿಗೆ ಕಾಣದ ತಾಮ್ರ

ಯುಗಾದಿ ಕೂಟದಲ್ಲಿ ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದೆ. ನಮ್ಮ ಸಂಪಾದಕರು ಹಿಂದಿನಿಂದ ಬಂದು, "ರಾಯರೇ, ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಏನು ಮಾಡುತ್ತಿದ್ದೀರಿ?" ಎಂದು ಕೇಳಿದರು. "ಡ್ಯುಯಲ್ ಸಿಂಪ್ಲೆಕ್ಸ್ ಬರೆಯುತ್ತಿದ್ದೇನೆ" ಎಂದೆ. ಅದು ಯಾವುದೋ ಕಾದಂಬರಿಯ ಹೆಸರೆಂದು ಅವರು ತಿಳಿದರೆಂದು ತೋರುತ್ತದೆ. "ಬಹಳ ಸಂತೋಷ, ಒಂದು ಅಧ್ಯಾಯ ನಮ್ಮ ಪತ್ರಿಕೆಗೆ ಕೊಡಿ" ಎಂದುಬಿಟ್ಟರು. ಕೊಟ್ಟ ಮಾತಿಗೆ ತಪ್ಪಬಾರದಲ್ಲ. ಇದು ಆ ಅಧ್ಯಾಯ.

ವಿಷಯ ಗಣಿತದ್ದು, ಕಂಪ್ಯೂಟರಿನದ್ದು. ಆದರೆ ಹೆದರಿ ಪುಟ ಮಗುಚಬೇಡಿ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು. ಈ ಲೆಕ್ಕದಲ್ಲಿ ನಾನು ಒಮ್ಮೆ ಮಾಡಿದ ತಪ್ಪಿನಿಂದ ಒಂದು ಮಂದೆ ಕುರಿಗಳು ಸಾಯಬಹುದಾಗಿತ್ತು. ಅದನ್ನು ಹೇಳುವುದಕ್ಕೆ ಮುಂಚೆ ಲೆಕ್ಕವೇನೆಂದು ಹೇಳಬೇಕು. ಅದಕ್ಕೆ ಮೊದಲು ನಮ್ಮೂರಿನ ಕೊಟ್ಟಿಗೆಗೆ ಹೋಗಿಬರೋಣ.

ನಮ್ಮ ಮನೆಯಲ್ಲಿ ಗೌರಿ ಎಂಬ ಹಸು ಇತ್ತು. ಸಂಜೆ ಅಮ್ಮ ಕಲಗಚ್ಚಿನ ಬಾನಿಗೆ ಬೂಸಾ, ಹಿಂಡಿ ಹಾಕಿ ಕೈಯಿಂದ ಕಲಸುತ್ತಿದ್ದಳು. ಹಿಂಡಿ ಹಾಕಿದರೆ ಹಾಲು, ಬೂಸಾ ಹಾಕಿದರೆ ಹೊಟ್ಟೆ ತುಂಬುವುದು, ಎರಡಕ್ಕೂ ದುಡ್ಡು. ಲೆಕ್ಕ ಸುಲಭವಾಗಲೆಂದು ನಾನೇ ಅಂಕೆಗಳನ್ನು ಹಾಕುತ್ತೇನೆ. ಬೂಸಾ ಕಿಲೋಗೆ 2 ರೂಪಾಯಿ, ಹಿಂಡಿ ಕಿಲೋಗೆ 3 ರೂಪಾಯಿ. ಒಂದು ಕಿಲೋ ಬೂಸಾದಲ್ಲಿ ಸತ್ವ 1 ಪಾಲು, ಹಿಂಡಿಯಲ್ಲಿ 3 ಪಾಲು. ಹೊಟ್ಟೆ ತುಂಬಿಸುವ ಗುಣ ಬೂಸಾದಲ್ಲಿ 2 ಪಾಲು, ಹಿಂಡಿಯಲ್ಲಿ 1 ಪಾಲು. ಗೌರಿಗೆ ದಿನಕ್ಕೆ ಸತ್ವ ಕನಿಷ್ಠ 6 ಪಾಲು, ಹೊಟ್ಟೆಗೆ ಕನಿಷ್ಠ 4 ಪಾಲು ಬೇಕು. ಅತಿ ಕಡಿಮೆ ಖರ್ಚಿನಲ್ಲಿ ಎರಡನ್ನೂ ಒದಗಿಸುವುದು ಹೇಗೆ? ಲೀನಿಯರ್ ಪ್ರೋಗ್ರಾಮಿಂಗ್ ಎಂದರೆ ಇಷ್ಟೆ. ಇಲ್ಲಿ ಪದಾರ್ಥ ಎರಡು, ಷರತ್ತು ಎರಡು. ಎಣ್ಣೆ ಕಂಪನಿಯಲ್ಲೋ ವಿಮಾನ ಕಂಪನಿಯಲ್ಲೋ ಅವು ಲಕ್ಷಗಟ್ಟಲೆ ಇರುತ್ತವೆ.

ಇದನ್ನು ಬಿಡಿಸಲು ಎರಡು ದಾರಿಗಳುಂಟು. ಮೊದಲನೆಯದು ತುಂಬಿದ ಬಾನಿಯಿಂದ ಹೊರಡುವುದು. 6 ಕಿಲೋ ಬೂಸಾ ಸುರಿದುಬಿಡಿ. ಗೌರಿಗೆ ಯಾವ ಕೊರತೆಯೂ ಇಲ್ಲ, ಆದರೆ 12 ರೂಪಾಯಿ ಖರ್ಚು. ಈಗ ಉಳಿತಾಯ ನೋಡಬೇಕು. 3 ಕಿಲೋ ಬೂಸಾ ತೆಗೆದು 1 ಕಿಲೋ ಹಿಂಡಿ ಹಾಕಿದರೆ ಸತ್ವ ಅಷ್ಟೇ ಇರುತ್ತದೆ, 3 ರೂಪಾಯಿ ಉಳಿಯುತ್ತದೆ. ಹೊಟ್ಟೆಯ ಷರತ್ತು ಅಡ್ಡ ಬರುವ ತನಕ ಹೀಗೆ ಬದಲಾಯಿಸುತ್ತ ಹೋಗುವುದು. ಇದು ಮಾಮೂಲು ಸಿಂಪ್ಲೆಕ್ಸ್ ವಿಧಾನ. ಇಲ್ಲಿ ಹಸು ಎಂದೂ ಉಪವಾಸವಿರುವುದಿಲ್ಲ. ದುಂದು ಮಾತ್ರ ಹೆಜ್ಜೆಹೆಜ್ಜೆಗೆ ಕಡಿಮೆಯಾಗುತ್ತದೆ.

ಎರಡನೆಯದು ಖಾಲಿ ಬಾನಿಯಿಂದ ಹೊರಡುವುದು. ಖಾಲಿ ಬಾನಿಯ ಖರ್ಚು ಸೊನ್ನೆ. ಅದಕ್ಕಿಂತ ಅಗ್ಗದ ಮಿಶ್ರಣವನ್ನು ಯಾರೂ ಮಾಡಲಾರರು. ಆದರೆ ಹಸು ಉಪವಾಸ. ಯಾವ ಕೊರತೆ ಹೆಚ್ಚು? ಸತ್ವ, 6 ಪಾಲು. ಒಂದು ಪಾಲು ಸತ್ವವನ್ನು ಬೂಸಾದಿಂದ ತಂದರೆ 2 ರೂಪಾಯಿ, ಹಿಂಡಿಯಿಂದ ತಂದರೆ 1 ರೂಪಾಯಿ. ಆದ್ದರಿಂದ 2 ಕಿಲೋ ಹಿಂಡಿ. ಖರ್ಚು 6 ರೂಪಾಯಿ. ಸತ್ವ ಸರಿಹೋಯಿತು. ಹೊಟ್ಟೆಗೆ 2 ಪಾಲು ಸಿಕ್ಕಿತು, ಇನ್ನೂ 2 ಪಾಲು ಕೊರತೆ. ಇದನ್ನು ತುಂಬಲು ಇನ್ನಷ್ಟು ಹಿಂಡಿ ಹಾಕಿದರೆ ಪಾಲಿಗೆ 3 ರೂಪಾಯಿ ಬೀಳುತ್ತದೆ. ಬದಲಿಗೆ 1 ಕಿಲೋ ಬೂಸಾ ಹಾಕಿದರೆ ಅದರಲ್ಲೂ ಸ್ವಲ್ಪ ಸತ್ವ ಇರುವುದರಿಂದ ಮೂರನೇ ಒಂದು ಕಿಲೋ ಹಿಂಡಿ ತೆಗೆಯಬಹುದು. ನಿಜವಾದ ಹೆಚ್ಚುವರಿ ಖರ್ಚು 1 ರೂಪಾಯಿ, ಹೊಟ್ಟೆಗೆ ದಕ್ಕುವುದು 1 ಪೂರ್ಣಾಂಕ 2/3 ಪಾಲು; ಅಂದರೆ ಪಾಲಿಗೆ 60 ಪೈಸೆ. ಇದೇ ಅಗ್ಗ. ಹಾಗೆ ಮಾಡಿದರೆ ಬೂಸಾ 1.2 ಕಿಲೋ, ಹಿಂಡಿ 1.6 ಕಿಲೋ, ಖರ್ಚು 7 ರೂಪಾಯಿ 20 ಪೈಸೆ. ಕೊರತೆ ಯಾವುದೂ ಇಲ್ಲ. ಮುಗಿಯಿತು.

ಇದೇ ಡ್ಯುಯಲ್ ಸಿಂಪ್ಲೆಕ್ಸ್. ಖರ್ಚು ಸೊನ್ನೆಯಿಂದ 6ಕ್ಕೆ, 6ರಿಂದ 7.20ಕ್ಕೆ ಏರಿತು. ಪ್ರತಿ ಹೆಜ್ಜೆಯಲ್ಲೂ ಒಂದು ಕೊರತೆಯನ್ನು ಆರಿಸಿ, ಅದನ್ನು ಅತಿ ಅಗ್ಗವಾಗಿ ತುಂಬುವುದು. ಇಲ್ಲಿ ದುಂದು ಎಂದೂ ಇಲ್ಲ; ಕೊರತೆ ಮಾತ್ರ ಉಂಟು, ಅದು ತೀರಿದ ಗಳಿಗೆಗೆ ಉತ್ತರ ಸಿದ್ಧ.

ಎರಡೂ ದಾರಿಗಳು ಒಂದೇ ಕಡೆ ಸೇರುವುದಾದರೆ ಎರಡನೆಯದರ ಹೆಚ್ಚುಗಾರಿಕೆ ಏನು? ಲೆಕ್ಕ ಮುಗಿಸಿ ಕೈ ತೊಳೆದುಕೊಂಡ ಮೇಲೆ ಅಂಗಡಿ ಶೆಟ್ಟರು, "ಅಮ್ಮಾ, ಈ ವಾರ ಹಿಂಡಿ ದಿನಕ್ಕೆ ಒಂದೂವರೆ ಕಿಲೋ ಮೇಲೆ ಕೊಡಲಾಗುವುದಿಲ್ಲ" ಎನ್ನುತ್ತಾರೆ ಎನ್ನಿ. ನಮ್ಮ ಉತ್ತರದಲ್ಲಿ 1.6 ಕಿಲೋ ಇದೆ. ಅದು ಈಗ ಷರತ್ತನ್ನು ಮೀರಿತು. ಆದರೆ ದುಂದಿಲ್ಲದ ಗುಣ ಹಾಗೇ ಇದೆ. ಹೊಸ ಷರತ್ತನ್ನು ಒಂದು ಕೊರತೆ ಎಂದು ಭಾವಿಸಿ ಇದ್ದಲ್ಲಿಂದಲೇ ಇನ್ನೊಂದು ಹೆಜ್ಜೆ ಇಟ್ಟರೆ ಸಾಕು: ಬೂಸಾ 1.5, ಹಿಂಡಿ 1.5, ಖರ್ಚು 7 ರೂಪಾಯಿ 50 ಪೈಸೆ. ಹಿಂದಿನ ಲೆಕ್ಕದ ಒಂದು ಕಾಸೂ ವ್ಯರ್ಥವಾಗಲಿಲ್ಲ. ಷರತ್ತು ಬದಲಾಗದೆ ಬೂಸಾದ ಬೆಲೆ ಬದಲಾಗಿದ್ದರೆ ಮೊದಲನೆಯ ದಾರಿ ಅನುಕೂಲ. ಬೆಲೆ ಬದಲಾದರೆ ಅದು, ಷರತ್ತು ಬದಲಾದರೆ ಇದು.

ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಸಿಂಪ್ಲೆಕ್ಸ್ ವಿಧಾನವನ್ನು 1947ರಲ್ಲಿ ಕಂಡುಹಿಡಿದವರು ಜಾರ್ಜ್ ಡಾಂಟ್ಜಿಗ್. ಆಗ ಅವರು ಅಮೆರಿಕದ ವಾಯುಪಡೆಗಾಗಿ ಪೆಂಟಗನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ 'ಪ್ರೋಗ್ರಾಂ' ಎಂದರೆ ಸೇನೆಯ ಕಾರ್ಯಯೋಜನೆ. ಕಂಪ್ಯೂಟರಿಗೂ ಆ ಹೆಸರಿಗೂ ಸಂಬಂಧವಿರಲಿಲ್ಲ. ವಿಧಾನದ ಮೊದಲ ದೊಡ್ಡ ಪರೀಕ್ಷೆಯೂ ಊಟದ ಲೆಕ್ಕದ್ದೇ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಆಹಾರ ಪದಾರ್ಥಗಳನ್ನೂ 9 ಪೋಷಕಾಂಶಗಳನ್ನೂ ಹಿಡಿದು, ಒಬ್ಬ ಮನುಷ್ಯ 1939ರ ಬೆಲೆಯಲ್ಲಿ ವರ್ಷಕ್ಕೆ 39 ಡಾಲರ್ 93 ಸೆಂಟ್‌ನಲ್ಲಿ ಬದುಕಬಹುದೆಂದು ಅಂದಾಜು ಮಾಡಿ 1945ರಲ್ಲಿ ಪ್ರಕಟಿಸಿದ್ದರು. ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು. ವರ್ಷವಿಡೀ ಅದನ್ನೇ ತಿನ್ನುವ ಗಂಡಸಿಗೆ ಹೆಣ್ಣು ಕೊಡುವವರು ಯಾರೋ ತಿಳಿಯದು. 1947ರಲ್ಲಿ ಒಂಬತ್ತು ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳನ್ನು ಹಿಡಿದು ಇದೇ ಲೆಕ್ಕವನ್ನು ಸಿಂಪ್ಲೆಕ್ಸ್‌ನಿಂದ ಬಿಡಿಸಿದರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ. ಬಂದ ಉತ್ತರ 39 ಡಾಲರ್ 69 ಸೆಂಟ್. ಸ್ಟಿಗ್ಲರ್ ಅವರ ಅಂದಾಜು ತಪ್ಪಿದ್ದು ಬರೀ 24 ಸೆಂಟ್!

ಅದೇ ವರ್ಷದ ಅಕ್ಟೋಬರಿನಲ್ಲಿ ಡಾಂಟ್ಜಿಗ್ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರನ್ನು ಕಂಡು ತಮ್ಮ ಲೆಕ್ಕವನ್ನು ವಿವರಿಸಿದಾಗ, ಅವರು ಪ್ರತಿಯೊಂದು ಲೆಕ್ಕಕ್ಕೂ ನೆರಳಿನಂತೆ ಇನ್ನೊಂದು ಲೆಕ್ಕ ಇರಬೇಕೆಂದು ಅಲ್ಲೇ ಹೇಳಿದರು. ಗೌರಿಯ ಲೆಕ್ಕದ ನೆರಳು ಇದು: ಸತ್ವದ ಒಂದು ಪಾಲಿಗೆ 80 ಪೈಸೆ, ಹೊಟ್ಟೆಯ ಒಂದು ಪಾಲಿಗೆ 60 ಪೈಸೆ. ಆರು ಎಂಬತ್ತು 4.80, ನಾಲ್ಕು ಅರವತ್ತು 2.40, ಒಟ್ಟು 7.20. ಬಾನಿಯ ಖರ್ಚು ಎಷ್ಟೋ ಅಷ್ಟೇ. ಆ ನೆರಳಿನ ದಾರಿ ಹಿಡಿದು ಹೋಗುವ ಡ್ಯುಯಲ್ ಸಿಂಪ್ಲೆಕ್ಸ್ ವಿಧಾನವನ್ನು 1954ರಲ್ಲಿ ಪ್ರಕಟಿಸಿದವರು ಕಾರ್ಲ್ಟನ್ ಲೆಮ್ಕಿ.

ಇನ್ನು ನನ್ನ ಕಥೆ. 1986ರಲ್ಲಿ ಉತ್ತರ ಇಂಗ್ಲೆಂಡಿನ ಒಂದು ಪಶು ಆಹಾರದ ಮಿಲ್ಲಿನಲ್ಲಿ ನನಗೆ ಕಂಪ್ಯೂಟರ್ ವಿಭಾಗದ ಕೆಲಸ. ವಿಭಾಗವೆಂದರೆ ನಾನು ಮತ್ತು ಒಂದು ಟರ್ಮಿನಲ್. ಬಾರ್ಲಿ, ಗೋಧಿ ಬೂಸಾ, ಸೋಯಾ ಹಿಂಡಿ, ಕಾಕಂಬಿ, ಖನಿಜ ಮಿಶ್ರಣ — ಹೀಗೆ ನಲವತ್ತು ಚಿಲ್ಲರೆ ಪದಾರ್ಥಗಳಿಂದ ಹಸು, ಹಂದಿ, ಕೋಳಿ, ಕುರಿಗಳಿಗೆ ಆಹಾರ ತಯಾರಾಗುತ್ತಿತ್ತು. ಯಾವುದನ್ನು ಎಷ್ಟು ಹಾಕಬೇಕೆಂಬ ಫಾರ್ಮುಲಾ ಬರೆಯುವವರು ಮಿಲ್ಲಿನ ಒಬ್ಬ ಹಿರಿಯರು. ಅವರು ದಿನಕ್ಕೆ ಹತ್ತು ಸಲ ಫೋನ್ ಮಾಡಿ ಹೊಸ ಷರತ್ತು ಹೇಳುತ್ತಿದ್ದರು: ಕಾಕಂಬಿ ಇಷ್ಟಕ್ಕಿಂತ ಬೇಡ, ನಾರು ಇಷ್ಟಿರಲಿ. ಪ್ರತಿಸಲ ಮೊದಲಿನಿಂದ ಲೆಕ್ಕ ಮಾಡಿಸುತ್ತಿದ್ದುದರಿಂದ ಉತ್ತರಕ್ಕೆ ಕಾಯಬೇಕಾಗುತ್ತಿತ್ತು. ನಾನು ಪುಸ್ತಕ ಓದಿ, ಫೋರ್ಟ್ರಾನ್ ಭಾಷೆಯಲ್ಲಿ ಡ್ಯುಯಲ್ ಸಿಂಪ್ಲೆಕ್ಸ್ ಬರೆದೆ. ಹೊಸ ಷರತ್ತು ಕೊಟ್ಟರೆ ಮೂರೋ ನಾಲ್ಕೋ ಹೆಜ್ಜೆ, ಉತ್ತರ ಸಿದ್ಧ. ಹಿರಿಯರು ಫೋನ್ ಇಡುವಷ್ಟರಲ್ಲಿ ಕಾಗದ ಹೊರಬರುತ್ತಿತ್ತು. ನನಗೆ ಬಂದ ಜಂಭ ಅಷ್ಟಿಷ್ಟಲ್ಲ.

ಒಂದು ದಿನ ಕುರಿಗಳ ಆಹಾರಕ್ಕೆ ಬೇಡಿಕೆ ಬಂತು. ಕುರಿಗೆ ತಾಮ್ರ ಆಗದು. ಹಸುವಿಗೆ, ಹಂದಿಗೆ ಒಗ್ಗುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರುತ್ತ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೇನೂ ತಿಳಿಯುವುದಿಲ್ಲ. ಒಂದು ದಿನ ಅದೆಲ್ಲ ಒಟ್ಟಿಗೆ ರಕ್ತಕ್ಕೆ ಬಿದ್ದು, ಕೆಂಪು ಕಣಗಳು ಒಡೆದು, ಕಾಮಾಲೆಯಾಗಿ ಕುರಿ ಸಾಯುತ್ತದೆ. ಟೆಕ್ಸೆಲ್ ತಳಿಯಂತೂ ಇದಕ್ಕೆ ಬಹಳ ಬೇಗ ತುತ್ತಾಗುತ್ತದೆ. ಕಿಲೋ ಆಹಾರಕ್ಕೆ 15 ಮಿಲಿಗ್ರಾಂ ಎಂಬುದು ಮಿತಿ. ಹಿರಿಯರು ಹೇಳಿದರು: "ಹಸುವಿನ ಫಾರ್ಮುಲಾ ಇದೆಯಲ್ಲ, ಅದಕ್ಕೆ ಕುರಿಯ ಷರತ್ತುಗಳನ್ನು ಹಾಕು. ತಾಮ್ರ ಮರೆಯಬೇಡ." ಉಳಿದ ಷರತ್ತುಗಳು ಹೆಚ್ಚುಕಡಿಮೆ ಒಂದೇ ಇದ್ದವು. ತಾಮ್ರದ ಸಾಲನ್ನು ಸೇರಿಸಿದೆ.

ನನ್ನ ಪ್ರೋಗ್ರಾಂ ಎಲ್ಲವನ್ನೂ ಟನ್ನಿನಲ್ಲಿ ಅಳೆಯುತ್ತಿತ್ತು. ಒಂದು ಟನ್ ಆಹಾರಕ್ಕೆ ಬಾರ್ಲಿ 0.4 ಟನ್, ಹಿಂಡಿ 0.15 ಟನ್, ಹೀಗೆ. ಆದ್ದರಿಂದ ತಾಮ್ರದ ಮಿತಿಯೂ ಟನ್ನಿನಲ್ಲೇ: 0.000015. ಪ್ರೋಗ್ರಾಂ ಓಡಿಸಿದೆ. "ಹೆಜ್ಜೆ 0. ಕೊರತೆ 0. ಉತ್ತರ ಸಿದ್ಧ" ಎಂದು ಬಂತು. ಒಂದೂ ಹೆಜ್ಜೆಯಿಲ್ಲದೆ ಉತ್ತರ! ನನ್ನ ಪ್ರೋಗ್ರಾಂ ಎಷ್ಟು ಜಾಣ ಎಂದು ಬೀಗಿ, ಕಾಗದ ಹರಿದು ಕೆಳಗೆ ಕಳುಹಿಸಿದೆ.

ಕಾಲು ಗಂಟೆಯಲ್ಲಿ ಆ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಫೋನ್ ಬಿಟ್ಟು ಅವರು ಮೇಲೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು: ಬೆಳಗಿನ ಹಸುವಿನದು, ಈಗಿನ ಕುರಿಯದು. ಅಕ್ಷರಕ್ಕೆ ಅಕ್ಷರ ಒಂದೇ. "ಹುಡುಗಾ, ಇದು ಹಸುವಿನದೇ ಅಲ್ಲವೇ?" ಎಂದರು. "ಕಂಪ್ಯೂಟರ್ ಎಲ್ಲ ಷರತ್ತನ್ನೂ ನೋಡಿದೆ, ತಾಮ್ರದ ಸಾಲು ಇಲ್ಲೇ ಇದೆ ನೋಡಿ" ಎಂದೆ. ಆ ಸಾಲಿನಲ್ಲಿ 0.0000 ಎಂದು ಅಚ್ಚಾಗಿತ್ತು. ದಶಮಾಂಶದ ನಂತರ ನಾಲ್ಕೇ ಸ್ಥಾನ ಅಚ್ಚಾಗಲೆಂದು ಬರೆದವನು ನಾನೇ. ಅವರು ಜೇಬಿನಿಂದ ಪುಟ್ಟ ಕ್ಯಾಲ್ಕುಲೇಟರ್ ತೆಗೆದು, ಖನಿಜ ಮಿಶ್ರಣದ ತಾಮ್ರವನ್ನು ಒತ್ತಿ, ತೋರಿಸಿದರು: ಕಿಲೋಗೆ 34 ಮಿಲಿಗ್ರಾಂ. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಮಿಶ್ರಣ ಇನ್ನೂ ಆರಂಭವಾಗಿರಲಿಲ್ಲ. ಖನಿಜದ ಚೀಲಗಳನ್ನು ಮಾತ್ರ ಯಂತ್ರದ ಬಾಯಿಯ ಹತ್ತಿರ ತಂದು ನಿಲ್ಲಿಸಿದ್ದರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ತಪ್ಪು ಎಲ್ಲಿತ್ತು? ಪುಸ್ತಕದಲ್ಲಿ "ಕೊರತೆ ಸೊನ್ನೆಗಿಂತ ಹೆಚ್ಚಿದ್ದರೆ" ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಆದರೆ ಕಂಪ್ಯೂಟರಿಗೆ ನಿಜವಾದ ಸೊನ್ನೆ ಸಿಗುವುದು ಅಪರೂಪ. ನಾವು ಮೂರನೇ ಒಂದನ್ನು 0.3333 ಎಂದು ಎಲ್ಲೋ ನಿಲ್ಲಿಸುವಂತೆ, ಅದು ಹತ್ತನೇ ಒಂದನ್ನು ತನ್ನ ಎರಡಂಕಿಯ ಲೆಕ್ಕದಲ್ಲಿ ಎಲ್ಲೋ ನಿಲ್ಲಿಸುತ್ತದೆ. ಇಂದಿನ ಕಂಪ್ಯೂಟರಿನಲ್ಲೂ 0.1ನ್ನು ಹತ್ತು ಸಲ ಕೂಡಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಸಾವಿರಾರು ಸಲ ಕೂಡಿ ಭಾಗಿಸಿದ ಮೇಲೆ ಸೊನ್ನೆಯಾಗಬೇಕಾದ ಕಡೆ ಧೂಳಿನಷ್ಟು ಏನೋ ಉಳಿದಿರುತ್ತದೆ. ಆ ಧೂಳನ್ನೂ ಕೊರತೆ ಎಂದುಕೊಂಡರೆ ಪ್ರೋಗ್ರಾಂ ಎಂದೂ ನಿಲ್ಲದು. ಅದಕ್ಕಾಗಿ 'ಇಷ್ಟಕ್ಕಿಂತ ಕಡಿಮೆಯಿದ್ದರೆ ಸೊನ್ನೆ ಎಂದು ತಿಳಿ' ಎಂಬ ವಿನಾಯಿತಿ ಇಡುತ್ತಾರೆ. ಇದಕ್ಕೆ ಟಾಲರೆನ್ಸ್ ಎಂದು ಹೆಸರು. ನಮ್ಮ ಕಂಪ್ಯೂಟರಿನಲ್ಲಿ ಏಳು ಅಂಕೆಗಳಷ್ಟೇ ನಿಖರತೆ ಇದ್ದುದರಿಂದ ನಾನು 0.0001 ಎಂದು ಇಟ್ಟಿದ್ದೆ. ಬಾರ್ಲಿಗೆ ಅದು ನೂರು ಗ್ರಾಂ. ಟನ್ನಿಗೆ ನೂರು ಗ್ರಾಂ ಬಾರ್ಲಿಯನ್ನು ಯಾರು ಕೇಳುತ್ತಾರೆ? ತಾಮ್ರ ಮಿತಿ ಮೀರಿದ್ದು 0.000019. ವಿನಾಯಿತಿಯ ಐದನೇ ಒಂದು ಪಾಲೂ ಇಲ್ಲ. ವಿಷವು ಧೂಳಿನ ಲೆಕ್ಕಕ್ಕೆ ಸೇರಿಹೋಗಿತ್ತು.

ಪರಿಹಾರ ನಾಚಿಕೆಯಾಗುವಷ್ಟು ಸುಲಭ. ತಾಮ್ರದ ಸಾಲನ್ನು ಟನ್ನಿನಲ್ಲಿ ಬರೆಯದೆ ಮಿಲಿಗ್ರಾಂನಲ್ಲಿ ಬರೆದರೆ ಮಿತಿ 15, ಇರುವುದು 34, ಕೊರತೆ 19. ಪ್ರೋಗ್ರಾಂ ತಕ್ಷಣ ಆ ಸಾಲಿಗೆ ಹಾರಿತು. ತಾಮ್ರವಿರುವ ಖನಿಜವನ್ನು ಕೆಳಗಿಳಿಸಿ, ತಾಮ್ರವಿಲ್ಲದ ತುಟ್ಟಿ ಖನಿಜವನ್ನು ಹಾಕಿ, ನಾಲ್ಕು ಹೆಜ್ಜೆಗಳಲ್ಲಿ ಸರಿಯಾದ ಫಾರ್ಮುಲಾ ಕೊಟ್ಟಿತು. ಗಣಿತದ ದೃಷ್ಟಿಯಲ್ಲಿ ಎರಡೂ ಸಾಲುಗಳು ಒಂದೇ. ಪ್ರೋಗ್ರಾಂಗೆ ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ.

ಸಾಲುಗಳನ್ನು ಹೀಗೆ ಹದಮಾಡುವುದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ಇಂದಿನ ಪ್ರೋಗ್ರಾಂಗಳು ತಾವಾಗಿಯೇ ಮಾಡಿಕೊಳ್ಳುತ್ತವೆ. ಅದರಲ್ಲೂ ಒಂದು ಹಳ್ಳ ಇದೆ. ಹದಮಾಡಿದ ಲೆಕ್ಕದಲ್ಲಿ ಕೊರತೆ ಇಲ್ಲವೆಂದು ಕಂಡದ್ದು, ಮೂಲ ಅಳತೆಗೆ ಮರಳಿಸಿದಾಗ ಮತ್ತೆ ಕೊರತೆಯಾಗಿ ಎದ್ದು ಕೂರಬಹುದು. ಆದ್ದರಿಂದ ಅಂದಿನಿಂದ ನಾನೊಂದು ಪದ್ಧತಿ ಇಟ್ಟುಕೊಂಡೆ. ಉತ್ತರ ಬಂದ ಮೇಲೆ, ಬೇರೆಯೇ ಒಂದು ಸಣ್ಣ ಪ್ರೋಗ್ರಾಂ ಮೂಲ ಅಂಕೆಗಳನ್ನು ಮತ್ತೆ ಓದಿ, ಪ್ರತಿ ಸಾಲನ್ನೂ ಅದರದೇ ಅಳತೆಯಲ್ಲಿ ಕೂಡಿ, ಮಿತಿಯ ಪಕ್ಕದಲ್ಲಿ ಅಚ್ಚು ಮಾಡಬೇಕು. ಆ ಹಿರಿಯರ ಕ್ಯಾಲ್ಕುಲೇಟರ್ ಮಾಡಿದ ಕೆಲಸವನ್ನೇ ಅದು ಮಾಡುತ್ತಿತ್ತು.

ಕಳೆದ ಚಳಿಗಾಲದಲ್ಲಿ ಈ ಹಳೆಯ ಪ್ರೋಗ್ರಾಂ ನೆನಪಾಗಿ, ಹೊಸ ಕಾಲದ ವಿದ್ಯೆಯನ್ನೆಲ್ಲ ಸೇರಿಸಿ ಮೊದಲಿನಿಂದ ಬರೆಯೋಣ ಎಂದು ಕೂತೆ. ಒಂದು ತಿಂಗಳ ಕೆಲಸ ಎಂದುಕೊಂಡದ್ದು ನಾಲ್ಕು ತಿಂಗಳಾಯಿತು. 1986ರಲ್ಲಿ ನಾನು ದೊಡ್ಡ ಕೋಷ್ಟಕವೊಂದನ್ನು ಇಟ್ಟುಕೊಂಡು ಪ್ರತಿ ಹೆಜ್ಜೆಗೂ ಅದರ ಎಲ್ಲ ಮನೆಗಳನ್ನೂ ತಿದ್ದುತ್ತಿದ್ದೆ. ಈಗ ಯಾರೂ ಹಾಗೆ ಮಾಡುವುದಿಲ್ಲ. ಪ್ರೋಗ್ರಾಂ ಬರೆಯುವವರೆಲ್ಲ ಮೊದಲು ಪರೀಕ್ಷಿಸುವ, 1985ರಿಂದ ಎಲ್ಲರಿಗೂ ಸಿಗುವ ಲೆಕ್ಕಗಳ ಒಂದು ಸಂಗ್ರಹವಿದೆ. ಅದರಲ್ಲಿ ಅತಿ ಚಿಕ್ಕವುಗಳಲ್ಲಿ ಒಂದು 'ಅಫಿರೋ'. 27 ಷರತ್ತು, 32 ಪದಾರ್ಥ. ಒಟ್ಟು 864 ಮನೆಗಳು. ಅವುಗಳಲ್ಲಿ ಅಂಕೆಯಿರುವವು ತೊಂಬತ್ತಕ್ಕೂ ಕಡಿಮೆ, ಉಳಿದವೆಲ್ಲ ಖಾಲಿ. ದೊಡ್ಡ ಲೆಕ್ಕಗಳಲ್ಲಂತೂ ಸಾವಿರಕ್ಕೆ ಒಂದು ಮನೆ ತುಂಬಿದ್ದರೆ ಹೆಚ್ಚು. ಖಾಲಿ ಮನೆಗಳನ್ನು ತಟ್ಟದೆ ತುಂಬಿದ ಮನೆಗಳನ್ನಷ್ಟೇ ಮುಟ್ಟಿ ಬರುವುದು ಈ ವಿದ್ಯೆಯ ಅರ್ಧ ಭಾಗ. ಯಾವ ಕ್ರಮದಲ್ಲಿ ಬಿಡಿಸಿದರೆ ಖಾಲಿ ಮನೆಗಳು ಖಾಲಿಯಾಗೇ ಉಳಿಯುತ್ತವೆ ಎಂಬುದಕ್ಕೆ 1957ರಲ್ಲಿ ಉಪಾಯ ಹೇಳಿದವರು ಹ್ಯಾರಿ ಮಾರ್ಕೊವಿಟ್ಸ್. ಅವರಿಗೆ 1990ರಲ್ಲಿ ನೊಬೆಲ್ ಬಂದದ್ದು ಷೇರುಗಳ ವಿಷಯಕ್ಕೆ. ಪ್ರತಿ ಹೆಜ್ಜೆಗೂ ಎಲ್ಲವನ್ನೂ ಹೊಸದಾಗಿ ಬಿಡಿಸದೆ ತೇಪೆ ಹಾಕುತ್ತ ಹೋಗುವ ಕ್ರಮ ಫಾರೆಸ್ಟ್ ಮತ್ತು ಟಾಮ್ಲಿನ್ ಅವರದು, 1972ರದ್ದು. ತೇಪೆ ಹೆಚ್ಚಾದಾಗ ಬಟ್ಟೆಯನ್ನೇ ಬದಲಾಯಿಸುವಂತೆ, ನೂರು ಹೆಜ್ಜೆಗೊಮ್ಮೆ ನಾನು ಎಲ್ಲವನ್ನೂ ಹೊಸದಾಗಿ ಬಿಡಿಸುತ್ತೇನೆ.

ಯಾವ ಕೊರತೆಯನ್ನು ಮೊದಲು ಹಿಡಿಯಬೇಕು ಎಂಬ ಪ್ರಶ್ನೆಗೆ ನನ್ನ ಹಳೆಯ ಉತ್ತರ, "ಅಂಕೆ ದೊಡ್ಡದಿರುವುದನ್ನು". ಟನ್ನನ್ನೂ ಮಿಲಿಗ್ರಾಂನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ಕೇಳುವುದರಲ್ಲಿ ಅರ್ಥವಿಲ್ಲವೆಂದು ಕುರಿಗಳು ನನಗೆ ಕಲಿಸಿದ್ದವು. ಆಯಾ ಸಾಲಿಗೆ ಒಂದು ತೂಕ ಕಟ್ಟಿ, ಕೊರತೆಯನ್ನು ಅದರಿಂದ ಭಾಗಿಸಿ ಹೋಲಿಸುವ ಕ್ರಮವನ್ನು ಫಾರೆಸ್ಟ್ ಮತ್ತು ಗೋಲ್ಡ್‌ಫಾರ್ಬ್ 1992ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಅದನ್ನು ಹಾಕಿದ ದಿನ ನನ್ನ ಪ್ರೋಗ್ರಾಂನ ಹೆಜ್ಜೆಗಳ ಸಂಖ್ಯೆ ದಿಢೀರನೆ ಇಳಿಯಿತು. ಅಷ್ಟುಕಾಲ ಎರಡನೇ ಸಾಲಿನಲ್ಲಿ ಕೂತಿದ್ದ ಡ್ಯುಯಲ್ ಸಿಂಪ್ಲೆಕ್ಸ್ ಮೊದಲ ಸಾಲಿಗೆ ಬಂದದ್ದು ಇದರಿಂದಲೇ ಎನ್ನಬಹುದು. ಆದರೂ ನಿಜ ಹೇಳಬೇಕು: ಈ ತೂಕವಿದ್ದಿದ್ದರೂ 1986ರಲ್ಲಿ ನನ್ನ ತಾಮ್ರ ಸಿಕ್ಕುತ್ತಿರಲಿಲ್ಲ. ಟಾಲರೆನ್ಸ್ ಅದನ್ನು ಬಾಗಿಲಲ್ಲೇ ತಡೆದಿತ್ತು. ಒಳಗೆ ಬಂದವರ ತೂಕ ನೋಡುವುದು ಆಮೇಲಿನ ಮಾತು.

ಕೊರತೆಯನ್ನು ಆರಿಸಿದ ಮೇಲೆ ಅಗ್ಗದ ಪದಾರ್ಥವನ್ನು ಆರಿಸಬೇಕು. ಗೌರಿಯ ಲೆಕ್ಕದಲ್ಲಿ ಖರ್ಚನ್ನು ದಕ್ಕುವ ಪಾಲಿನಿಂದ ಭಾಗಿಸಿದೆವು. ಆ ಪಾಲು 0.00000001 ಇದ್ದರೆ? ಅದು ನಿಜವಾದ ಅಂಕೆಯೋ ಧೂಳೋ ಯಾರಿಗೆ ಗೊತ್ತು! ಅದರಿಂದ ಭಾಗಿಸಿದರೆ ಮುಂದಿನ ಲೆಕ್ಕವೆಲ್ಲ ಹಾಳು. 1973ರಲ್ಲಿ ಪಾಲಾ ಹ್ಯಾರಿಸ್ ಎಂಬಾಕೆ ಹೇಳಿದ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಕಟ್ಟುನಿಟ್ಟಾಗಿ ಅತ್ಯಂತ ಅಗ್ಗವಾದುದನ್ನೇ ಹಿಡಿಯಬೇಡ. ಧೂಳಿನಷ್ಟು ವಿನಾಯಿತಿ ಕೊಟ್ಟು, ಸರಿಸುಮಾರು ಅಷ್ಟೇ ಅಗ್ಗವಾದವುಗಳನ್ನೆಲ್ಲ ಒಟ್ಟುಮಾಡಿ, ಅವುಗಳಲ್ಲಿ ಭಾಜಕ ದೊಡ್ಡದಿರುವುದನ್ನು ಹಿಡಿ. ನಮ್ಮ ಹೆಂಗಸರು ಮಾರುಕಟ್ಟೆಯಲ್ಲಿ ಎರಡು ಪೆನ್ನಿ ಹೆಚ್ಚು ಕೊಟ್ಟು ನಂಬಿಕೆಯ ಅಂಗಡಿಯಲ್ಲಿ ಕೊಳ್ಳುವುದಿಲ್ಲವೇ, ಹಾಗೆ.

'ಅಫಿರೋ'ಗೆ ಬರಬೇಕಾದ ಉತ್ತರ ಋಣ 464.753143. ನನ್ನದು ಫೆಬ್ರವರಿಯ ಒಂದು ರಾತ್ರಿ ಆ ಆರೂ ದಶಮಾಂಶ ಸ್ಥಾನಗಳ ತನಕ ಸರಿಯಾಗಿ ಬಂತು. ಮರುದಿನ ಅದಕ್ಕಿಂತ ದೊಡ್ಡ ಲೆಕ್ಕವೊಂದನ್ನು ಕೊಟ್ಟು ಮಲಗಿದೆ. ಬೆಳಿಗ್ಗೆ ಮನೆಯವಳು, "ಏನ್ರೀ, ನಿಮ್ಮ ಡಬ್ಬ ರಾತ್ರಿಯೆಲ್ಲ ಗುಂಯ್‌ಗುಡುತ್ತಾ ಇತ್ತಲ್ಲ" ಎಂದಳು. ಹೋಗಿ ನೋಡಿದರೆ ಹೆಜ್ಜೆಗಳು ಲಕ್ಷ ದಾಟಿದ್ದವು, ಖರ್ಚು ಮಾತ್ರ ರಾತ್ರಿ ಎಷ್ಟಿತ್ತೋ ಅಷ್ಟೇ. ಹಲವು ಪದಾರ್ಥಗಳು ಒಂದೇ ಬೆಲೆಗೆ ಸಮನಾಗಿ ನಿಂತಾಗ ಪ್ರೋಗ್ರಾಂ ಗಾಣದ ಎತ್ತಿನಂತೆ ಸುತ್ತುತ್ತದೆ. ಇದು ಸಾಧ್ಯವೆಂದು ಬೀಲ್ ಅವರು 1955ರಲ್ಲೇ ಒಂದು ಪುಟ್ಟ ಉದಾಹರಣೆ ಕಟ್ಟಿ ತೋರಿಸಿದ್ದರು. ಮದ್ದು ಇಷ್ಟೆ: ಪ್ರತಿ ಪದಾರ್ಥದ ಬೆಲೆಗೂ ಒಂದಕ್ಕೊಂದು ಸಮನಾಗದಂತೆ ಚಿಟಿಕೆಯಷ್ಟು ಸೇರಿಸಿಬಿಡುವುದು, ಲೆಕ್ಕ ಮುಗಿದ ಮೇಲೆ ಅದನ್ನು ತೆಗೆಯುವುದು. ತೆಗೆದಾಗ ಅಲ್ಲಿ ಇಲ್ಲಿ ಒಂದು ಕಾಸಿನ ದುಂದು ಕಂಡರೆ ಮಾಮೂಲು ಸಿಂಪ್ಲೆಕ್ಸ್‌ನಿಂದ ಎರಡು ಮೂರು ಹೆಜ್ಜೆ ಇಟ್ಟು ಸರಿಮಾಡಿಕೊಳ್ಳಬಹುದು. ಚಿಟಿಕೆ ಹಾಕಿದ ಮೇಲೆ ಆ ಲೆಕ್ಕ ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಗಿಯಿತು.

ಈ ವಿಧಾನಕ್ಕೆ ಇಂದಿಗೂ ಬೇಡಿಕೆ ಏಕೆ ಎಂದು ನೀವು ಕೇಳಬಹುದು. 1984ರಲ್ಲಿ ನಮ್ಮ ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮರ್ಕರ್, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ, ಬೇರೆಯೇ ದಾರಿಯೊಂದನ್ನು ಪ್ರಕಟಿಸಿದರು. ಸಿಂಪ್ಲೆಕ್ಸ್ ಗೋಡೆಯಂಚು ಹಿಡಿದು ಮೂಲೆಯಿಂದ ಮೂಲೆಗೆ ನಡೆದರೆ, ಇದು ಕೋಣೆಯ ನಡುವೆಯೇ ಹಾದುಹೋಗುತ್ತದೆ. ಬಹಳ ದೊಡ್ಡ ಲೆಕ್ಕಗಳನ್ನು ಮೊದಲ ಸಲ ಬಿಡಿಸುವಾಗ ಅದು ಹಲವು ಕಡೆ ಗೆಲ್ಲುತ್ತದೆ. ಆದರೆ ಉತ್ತರ ಬಂದ ಮೇಲೆ ಹೊಸ ಷರತ್ತೊಂದು ಸೇರಿದರೆ ಇದ್ದಲ್ಲಿಂದ ಮುಂದುವರಿಯುವುದು ಅದಕ್ಕೆ ಕಷ್ಟ. ಹೊಸ ಷರತ್ತುಗಳು ಮಳೆಯಂತೆ ಸುರಿಯುವ ಲೆಕ್ಕಗಳು ಬೇಕಾದಷ್ಟಿವೆ. ಅರ್ಧ ಲಾರಿ, ಮುಕ್ಕಾಲು ವಿಮಾನ ಕಳುಹಿಸಲಾಗುವುದಿಲ್ಲ. ಉತ್ತರ ಎರಡೂವರೆ ಲಾರಿ ಎಂದು ಬಂದರೆ 'ಎರಡು ಅಥವಾ ಕಡಿಮೆ' ಎಂದು ಒಂದು ಸಲ, 'ಮೂರು ಅಥವಾ ಹೆಚ್ಚು' ಎಂದು ಇನ್ನೊಂದು ಸಲ ಬಿಡಿಸಬೇಕು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ಎಂಬ ಇಬ್ಬರು ಮಹಿಳೆಯರು 1960ರಲ್ಲಿ ಪ್ರಕಟಿಸಿದ ಕ್ರಮ ಇದು. ಹೀಗೆ ಕೊಂಬೆ ಕೊಂಬೆಯಾಗಿ ಸಾವಿರಾರು ಲೆಕ್ಕಗಳು. ಪ್ರತಿಯೊಂದೂ ಹಿಂದಿನದಕ್ಕೆ ಒಂದೇ ಒಂದು ಷರತ್ತು ಸೇರಿಸಿದ್ದು. ಅಂಗಡಿ ಶೆಟ್ಟರು ಒಂದೂವರೆ ಕಿಲೋ ಎಂದಂತೆಯೇ!

ನಮ್ಮ ದ್ವೀಪದ್ದೇ ಇನ್ನೊಂದು ಸಂಗತಿ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಹಾಲ್ ಮತ್ತು ಚಿ ಹುವಾಂಗ್‌ಫು ಡ್ಯುಯಲ್ ಸಿಂಪ್ಲೆಕ್ಸ್‌ನ ಹೆಜ್ಜೆಗಳನ್ನು ಹಲವು ಪ್ರೊಸೆಸರ್‌ಗಳ ಮೇಲೆ ಒಟ್ಟಿಗೆ ನಡೆಸುವುದು ಹೇಗೆಂದು ತೋರಿಸಿದರು. ಅದರಿಂದ ಬೆಳೆದ 'ಹೈಸ್' ಎಂಬ ಪ್ರೋಗ್ರಾಂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. ಒಳಗಿನ ಸಾಲು ಸಾಲನ್ನೂ ತೆರೆದು ಓದಬಹುದು. ಅವರದರ ಮುಂದೆ ನನ್ನದು ಆನೆಯ ಮುಂದೆ ಆಡಿನ ಮರಿ. ಅನುಮಾನ ಬಂದಾಗಲೆಲ್ಲ ಅವರು ಹೇಗೆ ಮಾಡಿದ್ದಾರೆಂದು ಇಣುಕಿ ನೋಡಿದ್ದೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಆಗ ನೋಡಿದ ಮೊದಲ ಸಂಗತಿ ಅವರು ಇಟ್ಟಿರುವ ಟಾಲರೆನ್ಸ್. ಕೋಟಿಯಲ್ಲಿ ಒಂದು ಪಾಲು.

ನನ್ನ ಪ್ರೋಗ್ರಾಂ ಸುಮಾರು 1200 ಸಾಲು ಇದೆ. ವಿವರಣೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೊರತೆ, ದುಂದು, ಧೂಳು ಎಂಬ ಮಾತುಗಳೇ ಅದರಲ್ಲೂ ಇವೆ. ಕಾಲೇಜಿನಲ್ಲಿ ಈ ವಿಷಯ ಓದುತ್ತಿರುವ ನಮ್ಮ ಬಳಗದ ಮಕ್ಕಳಿಗೆ ಬೇಕಾದರೆ ದೀಪಾವಳಿ ಕೂಟದಲ್ಲಿ ನನ್ನನ್ನು ಕೇಳಲಿ, ಪ್ರತಿ ತಂದಿರುತ್ತೇನೆ. ಅದರ ಜೊತೆಗೆ ಆ ಸಣ್ಣ ಪ್ರೋಗ್ರಾಂ ಕೂಡ ಇದೆ, ಉತ್ತರವನ್ನು ಮೂಲ ಅಳತೆಯಲ್ಲಿ ಮತ್ತೆ ಕೂಡಿ ನೋಡುವುದು. ಅದು ಮೂವತ್ತೇ ಸಾಲು. ಅದನ್ನು ಮೊದಲು ಓದಿಕೊಳ್ಳಿ.